ಏಣಿ ಎಲ್ಲಿದೆ

ಶಿವಮೊಗ್ಗದ ಹೊಸಮನೆ, ನಾಲ್ಕನೇ ತಿರುವು.
ಹೆಸರಷ್ಟೇ ಹೊಸಮನೆ, ಮನೆಗಳೆಲ್ಲ ಹಳೆಯವು,
ಹೊಸಬಳು ನಾನೊಬ್ಬಳೇ.
ಖಜಾನೆ ಕಚೇರಿಯ ವರ್ಗದ ಆದೇಶ, ಎರಡು ಟ್ರಂಕು,
ಕೊಪ್ಪಳದಿಂದ ಹೊತ್ತು ತಂದ ಜೋಳದ ಹಿಟ್ಟು.
ಬೆಳಿಗ್ಗೆ ಒಂಬತ್ತೂವರೆಗೆ ಬೀಗ, ಸಂಜೆ ಆರಕ್ಕೆ ಚಿಲಕ,
ನಡುವೆ ಎದುರಾದವರಿಗೆ ಅರ್ಧ ನಗು.
ಹೀಗೇ ಐದು ತಿಂಗಳು.

ಅಡುಗೆಮನೆಯ ಬಲ್ಬು ಹೋಯಿತು.
ಕುರ್ಚಿಯ ಮೇಲೆ ಸ್ಟೂಲು, ಸ್ಟೂಲಿನ ಮೇಲೆ ನಾನು,
ಆದರೂ ಒಂದು ಗೇಣು ಸಾಲದು.
ಮೂರು ರಾತ್ರಿ ಮೊಬೈಲಿನ ಬೆಳಕಲ್ಲಿ ರೊಟ್ಟಿ ತಟ್ಟಿ
ನಾಲ್ಕನೆಯ ದಿನ ಪಕ್ಕದ ಬಾಗಿಲು ತಟ್ಟಿದೆ.

"ಏಣಿ ಐತೇನ್ರಿ?"
ಚೌಡಮ್ಮ ಕನ್ನಡಕ ಏರಿಸಿ ನೋಡಿದರು.
"ಇದೆಯಲ್ಲ. ಇಲ್ಲಿಲ್ಲ.
ಕೊನೇ ಮನೆ ಸಿಪ್ರಿಯಾನ್ ಒಯ್ದಿದ್ದ, ಡಿಶ್ ತಿರುಗಿಸೋಕೆ.
ನೋಡ್ಕೊಂಡು ಹತ್ತು ಮತ್ತೆ,
ಮೂರನೇ ಮೆಟ್ಟಿಲು ಸರಿಯಿಲ್ಲ."

ಸಿಪ್ರಿಯಾನ್ ಮನೆಯಲ್ಲಿ ಏಣಿಯಿರಲಿಲ್ಲ,
ಏಣಿ ಒರಗಿದ್ದ ಗೋಡೆಗೆ ಎರಡು ಗೀರಿದ್ದವು.
ಬಂಗುಡೆ ತೊಳೆಯುತ್ತಿದ್ದ ಹೆಂಡತಿ ಮೊಣಕೈಯಿಂದ ದಾರಿ ತೋರಿಸಿದಳು:
"ಜುಬೇದಮ್ಮನ ಮನೆಗೆ ಹೋಯ್ತು, ಸುಣ್ಣಕ್ಕೆ.
ಮೂರನೇದರ ಮೇಲೆ ಕಾಲಿಡಬೇಡಿ,
ಹೋದ ಕ್ರಿಸ್‌ಮಸ್ಸಿಗೆ ನಕ್ಷತ್ರ ಕಟ್ಟುವಾಗ ನಮ್ಮೋರು ಬಿದ್ದು
ಹದಿನೈದು ದಿನ ಕುಂಟಿದ್ರು."
ಹೇಳುತ್ತ ನಕ್ಕಳು,
ಅದೂ ಹಬ್ಬದ್ದೇ ಒಂದು ಭಾಗವೆಂಬಂತೆ.

ಜುಬೇದಮ್ಮನ ಗೋಡೆ ಇನ್ನೂ ಹಸಿ.
ಮಗಳ ನಿಕಾಹ್ ಇಪ್ಪತ್ತಕ್ಕೆ.
ಒರಗಬೇಡಿ, ಕೂತ್ಕೊಳಿ ಎಂದರು, ಚಹಾ ಇಟ್ಟರು,
ನನ್ನ ಮಾತು ಎರಡು ವಾಕ್ಯ ಕೇಳಿ ತಟ್ಟನೆ
"ರಾತ್ರಿ ಎಂಟಕ್ಕೆ ಟಪಟಪ ಸದ್ದು ಬರುತ್ತಲ್ಲ,
ಆ ರೊಟ್ಟಿ ಮನೆಯವರಾ ನೀವು?"

ರೊಟ್ಟಿ ಮನೆ!
ಈ ಬೀದಿಯಲ್ಲಿ ನನಗೊಂದು ಹೆಸರಿತ್ತು,
ನನಗೆ ಹೇಳಿರಲಿಲ್ಲ ಅಷ್ಟೇ.
ನಾನು ಚಿಲಕ ಹಾಕಿಕೊಂಡಾಗಲೂ
ನನ್ನ ಅಂಗೈ ಹೊರಗೆ ಹೋಗಿ ಮಾತಾಡಿಸುತ್ತಿತ್ತು ಇವರನ್ನು.

ಏಣಿ ಅಲ್ಲಿಂದ ಹಾಲೇಶಿಯ ಹೆಂಚಿಗೆ, ಬೆಕ್ಕು ಇಳಿಸಲು.
ಕೊನೆಗೆ ಸಿಕ್ಕಿದ್ದು ಪಳನಿಯ ಹಿತ್ತಲಿನ ನುಗ್ಗೆಮರಕ್ಕೆ ಒರಗಿ,
ಮೇಲೆ ಲುಂಗಿ ಎತ್ತಿ ಕಟ್ಟಿದ ಪಳನಿ.
"ಯಾರದ್ರಿ ಇದು?"
"ಈರೋಜಾಚಾರಿ ಮಾಡಿದ್ದು. ತೀರಿಕೊಂಡು ಹನ್ನೊಂದು ವರ್ಷ.
ಮಕ್ಕಳು ಮನೆ ಮಾರಿದ್ರು, ಪಾತ್ರೆ ಪಡಗ ಹಂಚಿಕೊಂಡ್ರು.
ಏಣಿ ಆ ದಿನ ಯಾರ ಮನೇಲೋ ಇತ್ತು."
ಹೀಗಾಗಿ ಪಾಲಾಗದೆ ಉಳಿಯಿತು.

"ಮೂರನೇ ಮೆಟ್ಟಿಲು..." ಎಂದ. ಗೊತ್ತು ಎಂದೆ.
"ರಿಪೇರಿ ಮಾಡಿಸಬಾರದಾ?"
ಪಳನಿ ತಲೆ ಕೆರೆದ.
"ಯಾರದ್ದು ಅಂತ ಮಾಡಿಸೋದು?"
ಇದಕ್ಕೆ ನನ್ನಲ್ಲೂ ಉತ್ತರವಿರಲಿಲ್ಲ.
ಖಜಾನೆಯಲ್ಲೂ ಇಂಥ ಲೆಕ್ಕಕ್ಕೆ ಕಾಲಂ ಇಲ್ಲ.

ಹತ್ತಿದ ಏಣಿ ಒದೆಯುವುದು ಲೋಕದ ರೂಢಿ.
ಇಲ್ಲಿ ಹತ್ತಿದ ಏಣಿ ಹೊರಬೇಕು, ಮುಂದಿನ ಮನೆಯವರೆಗೆ,
ಅದೂ ಒಬ್ಬರಿಂದಾಗದು.
ಒಂದು ತುದಿಗೆ ನಾನು, ಇನ್ನೊಂದಕ್ಕೆ ಪಳನಿಯ ಮಗಳು,
ತಿರುವಿನಲ್ಲಿ ಹಾಲಿನ ಬೈಕು ನಿಂತು ದಾರಿ ಬಿಟ್ಟಿತು.
ಕಿಟಕಿಗಳಿಂದ ಯಾರು ಯಾರೋ
"ಎಡಕ್ಕೆ, ಎಡಕ್ಕೆ, ಗೇಟು ಗೇಟು!"

ಬಲ್ಬು ಹತ್ತಿತು. ಒಂಬತ್ತು ವ್ಯಾಟು.
ಏಣಿ ನನ್ನ ಜಗಲಿಯಲ್ಲಿ ಉಳಿಯಿತು.
ವಾಪಸು ಕೊಡೋಣವೆಂದರೆ ಯಾರಿಗೆ?

ಗುರುವಾರ ರಾತ್ರಿ ಎಂಟು, ರೊಟ್ಟಿ ಹಂಚಿನ ಮೇಲೆ.
ಯಾರೋ ಬಾಗಿಲು ಬಡಿದರು.
ಗ್ಯಾಸಿನವನಲ್ಲ, ಮೀಟರಿನವನಲ್ಲ,
ಎಂದೂ ಕಂಡಿರದ ಹುಡುಗ, ಕೈಯಲ್ಲಿ ಟಾರ್ಚು.
"ಅಕ್ಕಾ, ಏಣಿ ನಿಮ್ಮನೇಲಿದ್ಯಂತೆ?"
"ಯಾರು ಹೇಳಿದ್ರು?"
ಅವನು ಬೀದಿಯತ್ತ ಕೈ ಬೀಸಿದ,
ಇಡೀ ಬೀದಿಯತ್ತ.

ಒಲೆ ಸಣ್ಣ ಮಾಡಿ
ಹಿಟ್ಟಿನ ಕೈಯಲ್ಲೇ ಒಂದು ತುದಿ ಹಿಡಿದೆ.
"ಸಾವಕಾಶ ತಮ್ಮಾ," ಎಂದೆ,
"ಮೂರನೇ ಮೆಟ್ಲ ಮ್ಯಾಲ ಕಾಲಿಡಬ್ಯಾಡ.
ಹ್ವಾದ ಕ್ರಿಸ್‌ಮಸ್ಸಿಗೆ ನಮ್ಮ ಸಿಪ್ರಿಯಾನಣ್ಣ ಬಿದ್ದಿದ್ರು"
ಎಂದೆ, ಅಲ್ಲೇ ಕೆಳಗೆ ನಿಂತು
ಕಂಡವಳ ಹಾಗೆ.