ಟೇಪು ಸರಿದ ನಿಮಿಷ

ಅರಸೀಕೆರೆಯ ಹೊರಗೆ, ತೆಂಗಿನ ಚಿಪ್ಪು ಸುಡುವ ಗುಂಡಿಗಳಿಂದ
ಗಾಳಿ ಬೀಸಿ ಬರುವ ದಿಕ್ಕಿಗೆ ಶಾಲೆಯ ತಾರಸಿ.
ಅಲ್ಲಿ ನಮ್ಮ ಪೆಟ್ಟಿಗೆ.
ಒಳಗೆ ಬಿಳಿ ಟೇಪು, ಟೇಪಿನ ಮೇಲೆ
ಕಿರುಬೆರಳ ಉಗುರಿನಷ್ಟು ಒಂದು ಚುಕ್ಕಿ.
ಗಾಳಿ ಅದನ್ನು ಹಾದು ಹೋಗುತ್ತದೆ, ಮಸಿ ಉಳಿಯುತ್ತದೆ,
ಮೇಲಿನ ದೀಪ ಕೆಳಗೆ ಎಷ್ಟು ತಲುಪಲಿಲ್ಲವೋ
ಅಷ್ಟು ಕಪ್ಪು ಎಂದು ಬರೆದುಕೊಳ್ಳುತ್ತದೆ.
ಇಷ್ಟೇ.

ಇಷ್ಟೇ ಅಲ್ಲ.
ರಾತ್ರಿ ಎರಡು ಹದಿನೇಳಕ್ಕೆ ಆರೂವರೆ ಮೈಕ್ರೋಗ್ರಾಂ.
ಚುಕ್ಕಿ ತುಂಬಿತು, ಟೇಪು ಟಕ್ಕೆಂದು ಸರಿಯಿತು.
ಎರಡು ಇಪ್ಪತ್ತಕ್ಕೆ ಒಂಬತ್ತು!
ಆ ಮೂರು ನಿಮಿಷದಲ್ಲಿ ಯಾರೂ
ಹೊಸ ಗುಂಡಿಗೆ ಬೆಂಕಿ ಇಟ್ಟಿಲ್ಲ, ಲಾರಿ ಬಂದಿಲ್ಲ,
ಗೂಡ್ಸ್ ಗಾಡಿ ಸಿಗ್ನಲ್ಲಿನಲ್ಲಿ ನಿಂತದ್ದು ನಿಂತೇ ಇತ್ತು.
ಹೊಗೆ ಹಳೆಯದೇ. ಬಿಳಿ ಮಾತ್ರ ಹೊಸದು.

ಮಸಿಯ ಬೆನ್ನಿಗೆ ಮಸಿ ಕೂತರೆ
ಹಿಂದಿನದರ ನೆರಳಲ್ಲಿ ಮುಂದಿನದು ಲೆಕ್ಕ ತಪ್ಪುತ್ತದೆ.
ಹೆಚ್ಚು ನುಂಗಿದಷ್ಟೂ ಕಡಿಮೆ ಹೇಳುತ್ತದೆ ಯಂತ್ರ,
ಸುಳ್ಳು ಹೇಳುವ ಉದ್ದೇಶವಿಲ್ಲದೆ.

ಇದಕ್ಕೊಂದು ಗುಣಕವಿದೆ. ಕಂಪನಿಯವರೇ ತುಂಬಿ ಕಳಿಸಿದ್ದು,
ಯಾವುದೋ ಊರಿನ ಕಾರುಗಳ ಅಳತೆಗೆ ಹೊಲಿದದ್ದು.
ನಮ್ಮ ಹೊಗೆಗೆ ತೊಡಿಸಿದರೆ ಭುಜ ಬಿಗಿ, ತೋಳು ಉದ್ದ.
ಅದಕ್ಕೇ ನಾನು ಜೋಡಿ ಕೂಡಿಸತೊಡಗಿದೆ:
ಸರಿಯುವ ಮುಂಚಿನದೊಂದು, ಸರಿದ ಮೇಲಿನದೊಂದು.
ನಲವತ್ತೊಂದು ಜೋಡಿ.
ಈಗಷ್ಟೇ ಎದ್ದ ಹೊಗೆಗೆ ಒಂದು ಬೆಲೆ ಬಂತು,
ಇಬ್ಬನಿ ಹೊದ್ದು ಬೆಳಗಿನ ತನಕ ಅಲೆದದ್ದಕ್ಕೆ ಬೇರೆ.

ವಾಚ್‌ಮನ್ ಮರುಳಸಿದ್ಧಯ್ಯ ನಗುತ್ತಿದ್ದ,
'ಹೊಗೆ ಎಲ್ಲೈತೆ ಮೇಡಂ, ಇದ್ರೆ ನಮ್ ಮೂಗಿಗೆ ಬರ್ತಿರ್ಲಿಲ್ವಾ?'
ಹಳೇಬೀಡಿನಲ್ಲಿ ಮೊಮ್ಮಗಳ ತೊಟ್ಟಿಲು. ನಾಲ್ಕು ದಿನ ಹೋಗಿದ್ದ.
ಮರಳಿದ ಸಂಜೆ ಗೇಟಿನಲ್ಲೇ ಟವೆಲು ಮೂಗಿಗೆ ಹಿಡಿದು
'ಏನ್ ಸುಟ್ರು ಇವತ್ತು, ಈ ಪಾಟಿ?'
ದಿನಾ ಸುಡುವುದೇ ಎಂದೆ. ನಂಬಲಿಲ್ಲ.
ಒಂಬತ್ತಕ್ಕೆ ಬುತ್ತಿ ಬಿಚ್ಚಿ ಮುದ್ದೆ ಮುರಿಯುತ್ತ,
'ಈಗ ನಿಂತೋಯ್ತು ನೋಡಿ.'
ನಿಂತಿರಲಿಲ್ಲ. ಪರದೆಯ ಮೇಲೆ ಎಂಟೂಮುಕ್ಕಾಲು.
ಡೈರಿಯ ಅಂಚಿನಲ್ಲಿ ಬರೆದೆ: ಮೂರು ಗಂಟೆ ಸಾಕಾಯಿತು.

ವರದಿ ಹೋಯಿತು. ಹಾಸನದಿಂದ ಸಾಹೇಬರ ಫೋನು:
'ಹೋದ ತಿಂಗಳಿಗಿಂತ ಹೆಚ್ಚಾಗಿದೆಯಲ್ಲ?'
ಹೆಚ್ಚಾಗಿಲ್ಲ ಸರ್, ಮೊದಲೇ ಇಷ್ಟಿತ್ತು.
'ಹಾಗಂತ ಹೇಗೆ ಬರೆಯೋದು?'

ಗುಂಡಿಯಂಗಳದ ಫರ್ಜಾನಾ ಇದನ್ನೆಲ್ಲ ಕೇಳಿಸಿಕೊಂಡಳು,
ಇದ್ದಿಲು ಜರಡಿಗೆ ಸುರಿಯುವುದನ್ನು ನಿಲ್ಲಿಸದೆ.
ಹನ್ನೊಂದು ವರ್ಷ, ಬಕ್ರೀದಿಗೆ ಒಂದು ದಿನ ರಜೆ.
'ನಂದೂ ಹಾಕಿ ಹಂಗಾದ್ರೆ. ಎಷ್ಟು ಕೂಡಿಸ್ಬೇಕು ನಂಗೆ?'

ಜೋಡಿ ಬೇಕು, ಎಂದೆ.
ಸರಿಯುವ ಮುಂಚಿನದೊಂದು,
ಸರಿದ ಮೇಲಿನದೊಂದು.

ಜರಡಿ ಆಡುತ್ತಲೇ ಇತ್ತು.
ಅವಳು ಕಾದಳು, ನಾನು ಇನ್ನೇನೋ ಹೇಳುವೆನೆಂದು.