ಉಳಿದ ಜೋಡಿ

ಟಿಕೆಟ್ ಗೂಡಿನ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೆ:
ಇವತ್ತು ಹನ್ನೊಂದರಿಂದ ಎರಡೂವರೆವರೆಗೆ ಸಮುದ್ರ ಇಲ್ಲ.

ಓದಿ ನಕ್ಕರು. ಆಮೇಲೆ ಒಡ್ಡಿನ ಹುಲ್ಲಿನಲ್ಲಿ
ಬೂಟು ಚಪ್ಪಲಿ ಸಾಲಾಗಿ ಬಿಟ್ಟು
ತ್ಯಾರ್ಕ್ ಹಿಂದೆ ಕೆಸರಿಗಿಳಿದರು.
ಅವನು ಸಲಿಕೆಯಲ್ಲಿ ಒಂದಿಷ್ಟು ಕಡಲತಳ ಮಗುಚಿ
ಹುಳ ತೋರಿಸುತ್ತಾನೆ; ಮಕ್ಕಳು ಕಿರುಚುತ್ತವೆ.
ದೂರದ ದಿಬ್ಬದಲ್ಲಿ ಸೀಲುಗಳು
ಮಗ್ಗುಲು ಬದಲಿಸಿ ಮಲಗುತ್ತವೆ.

ನನ್ನ ಕೆಲಸ ಎಣಿಸುವುದು.
ಹೋದವರು ಹತ್ತೊಂಬತ್ತು. ಬಂದವರು ಹತ್ತೊಂಬತ್ತು.
ಮೊಣಕಾಲವರೆಗೆ ಕಪ್ಪು ಮೆತ್ತಿಕೊಂಡು
ನಲ್ಲಿಯ ಮುಂದೆ ಸರದಿ ನಿಂತರು,
ಹುರಿದ ಮೀನು ತಿಂದರು, ಗಾಳಿಪಟ ಬಾಡಿಗೆಗೆ ತಗೊಂಡರು,
ಐದರ ರೈಲು ಹಿಡಿದರು.

ಹುಲ್ಲಿನಲ್ಲಿ ಒಂದು ಜೋಡಿ ಉಳಿದಿತ್ತು.
ಕಂದು ಚರ್ಮ, ಒಳಗೆ ಮಡಿಸಿಟ್ಟ ಕಾಲುಚೀಲ.
ಹರಿದ ಟಿಕೆಟುಗಳನ್ನು ಮತ್ತೆ ಎಣಿಸಿದೆ: ಹತ್ತೊಂಬತ್ತೇ.
ಅಷ್ಟರಲ್ಲಿ ಸಮುದ್ರ ಬಂದು ಒಡ್ಡಿಗೊರಗಿ ಕೂತಿತ್ತು
ಏನೂ ಗೊತ್ತಿಲ್ಲದವರ ಹಾಗೆ.

‘ಬಿಡು ವೀಬ್ಕೆ,’ ಅಂದ ತ್ಯಾರ್ಕ್,
‘ಮೂರು ತಾಸು ಕಡಲತಳ ತುಳಿದ ಕಾಲಿಗೆ
ಬೂಟು ನೆನಪಾಗುವುದು ಹ್ಯಾಂಬರ್ಗ್ ದಾಟಿದ ಮೇಲೆ.’

ನಾನು ನಗಲಿಲ್ಲ.
ಲೇಸು ಗಂಟುಹಾಕಿ ಮೊಳೆಗೆ ತೂಗುಬಿಟ್ಟೆ.
ಹಲಗೆ ಒರೆಸಿ ನಾಳೆಯದನ್ನು ಬರೆದೆ:
ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗಿನಿಂದ
ಸಮುದ್ರ ಇಲ್ಲ.