ಏಳು ನಿಮಿಷ

ವಿಲ್ಯಾಂಡಿಯಲ್ಲಿ ನವೆಂಬರ್ ಕೊನೆಗೆ ನಾಲ್ಕಕ್ಕೆಲ್ಲ ಕತ್ತಲು.
ಅದಕ್ಕೇ ಇದೆಲ್ಲ ಶುರುವಾದದ್ದು, ಅಷ್ಟೇ.

ಲಾಂಡ್ರಿಯ ಹಿಂದಿನ ಕೋಣೆ ಕೊಡುತ್ತೇನೆಂದ ಉರ್ಮಾಸ್,
ಬಟ್ಟೆ ಒಣಗಿಸುವ ಯಂತ್ರ ಮಾತ್ರ ನಿಲ್ಲಿಸುವುದಿಲ್ಲವಂತೆ.
ಬಾಗಿಲಿಗೊಂದು ಚೀಟಿ ಅಂಟಿಸಿದೆ:
ತಲೆಗೆ ಏಳು ನಿಮಿಷ. ಉಪಯೋಗಕ್ಕೆ ಬರುವ ವಿಷಯ ಬೇಡ.

ಹೆಸರು ಕೊಟ್ಟವರು ನಾಲ್ವರು.
ದಂತವೈದ್ಯೆ ಹೆಲ್ವೆಗೆ ಒಂಟಿ ಕೈಗವಸಿನ ಹುಚ್ಚು;
ಬೇಲಿಗೆ ಸಿಕ್ಕಿಸಿದವನ್ನೆಲ್ಲ ಎಣಿಸಿದ್ದಾಳೆ,
ಎಡಗೈಯವೇ ಹೆಚ್ಚಂತೆ.
ಅಂಚೆಯ ಕಾಲೆವ್, ಯಾವ ಗೇಟಿನ ನಾಯಿಯದು ಯಾವ ಸ್ವರ ಎಂದು
ಬೊಗಳಿಯೇ ತೋರಿಸಿದ.
ಜಾಮ್ ಡಬ್ಬಿಯ ಮುಚ್ಚಳ ಯಾಕೆ ಟಪ್ ಎನ್ನುತ್ತದೆಂದು
ಹೇಳಹೊರಟ ಹುಡುಗ ಮೂರೇ ನಿಮಿಷಕ್ಕೆ ನಾಚಿ ಕೂತ.

ಕೊನೆಯವನು ಕೈಕೊಟ್ಟ.
ಮೊಟ್ಟೆ ಬೇಯಿಸುವ ಗಡಿಯಾರಕ್ಕೆ ಕೀಲಿ ಕೊಟ್ಟಾಗಿತ್ತು,
ಇಪ್ಪತ್ತೇಳು ಜನ ನನ್ನನ್ನೇ ನೋಡುತ್ತ.
ನನಗೆ ಗೊತ್ತಿದ್ದದ್ದು ಕುರ್ಚಿ ಮಾತ್ರ,
ಮೂರು ದಿನ ಮನೆಮನೆ ತಿರುಗಿ ಕಡ ತಂದವಳು.

"ಆ ಕಿರುಗುಡುವುದು ಚರ್ಚಿನದು.
ಹೆಲ್ವೆ ಕೂತದ್ದು ಅವಳ ಕ್ಲಿನಿಕ್ಕಿನದೇ,
ಹೆದರಿದವರ ಹಿಡಿತಕ್ಕೆ ಕೈ ಸವೆದಿದೆ, ಮುಟ್ಟಿ ನೋಡಲಿ.
ನೀಲಿಯದು ದರ್ಜಿ ಲೈಡಾಳದು.
ದಪ್ಪಗಿರುವವರು ಯಾರಾದರೂ ಕೂರಲಿ ಅಂದಳು,
ಹತ್ತು ವರ್ಷದಿಂದ ಅದರ ಮೇಲೆ ಬರೀ ಹಳೇ ಪೇಪರು."

ಎಲ್ಲರೂ ಬಗ್ಗಿ ತಮ್ಮ ತಮ್ಮ ಕೆಳಗೆ ನೋಡಿಕೊಂಡರು.
ನೀಲಿಯ ಮೇಲಿದ್ದ ಕಾಲೆವ್ ಎದ್ದು, ಪ್ಯಾಂಟು ಕೊಡವಿ,
ಮತ್ತೆ ಮೆಲ್ಲಗೆ ಕೂತ.

ಗಂಟೆ ಬಾರಿಸಿತು.
ಏಳಾಯಿತು, ಯಾರೂ ಏಳಲಿಲ್ಲ.
ಗೋಡೆಯಾಚೆ ಯಾರದೋ ಅಂಗಿ, ಗುಂಡಿ ಟಕಟಕ,
ಸುತ್ತುತ್ತಲೇ ಇತ್ತು.